ಹಲ್ಲು ಕಚ್ಚಿ ಸಹಿಸಬೇಡಿ: ದವಡೆ ಕೀಲು ನೋವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರ್. ಹಲ್ಲು ತೋರಿಸಲು ಬಂದವರು ಏಳುವಾಗ, ಬಾಗಿಲ ಹತ್ತಿರ ನಿಂತು ಕೇಳುವ ಪ್ರಶ್ನೆಗಳಿವೆ. "ಅಂದ ಹಾಗೆ ಡಾಕ್ಟ್ರೇ, ಈ ಕಿವಿ ಮುಂದೆ ಒಂಥರಾ ನೋವು..." ಎಂದು ಶುರುವಾಗುತ್ತವೆ. ಅದೇ ಉತ್ತರ ಹೇಳಿ ಹೇಳಿ ನನ್ನ ದವಡೆಯೇ ನೋಯುವಷ್ಟಾಗಿದೆ. ಅದಕ್ಕೇ ಬರೆದಿಟ್ಟೆ. ಜನ ಕೇಳಿದ ಹಾಗೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

ಈ ಕೀಲು ಇರೋದಾದರೂ ಎಲ್ಲಿ?

ಎರಡೂ ತೋರುಬೆರಳುಗಳನ್ನು ಕಿವಿಯ ತೂತಿನಿಂದ ಒಂದು ಬೆರಳಗಲ ಮುಂದಕ್ಕೆ ಇಡಿ. ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಗುಂಡಗಿರುವುದೇನೋ ಜಾರುತ್ತದೆ ಅಲ್ವಾ? ಅದು ಕೆಳದವಡೆಯ ಮೂಳೆಯ ತುದಿ. ತಲೆಬುರುಡೆಯ ಒಂದು ಕುಳಿಯಲ್ಲಿ ಕೂತಿರುತ್ತದೆ. ಎರಡರ ನಡುವೆ ಒಂದು ತೆಳ್ಳನೆಯ ಮೆತ್ತೆ ಇದೆ. ಅದಕ್ಕೆ ಡಿಸ್ಕ್ ಅನ್ನುತ್ತೇವೆ.

ಮೊಣಕೈ ಕೀಲು ಬಾಗಿಲಿನ ಹಾಗೆ ಮಡಚಿ ಬಿಚ್ಚುತ್ತದೆ, ಅಷ್ಟೇ. ದವಡೆ ಕೀಲು ಹಾಗಲ್ಲ. ಬಾಯಿ ಸುಮಾರು ಅರ್ಧ ತೆರೆಯುವವರೆಗೆ ಇದ್ದಲ್ಲೇ ತಿರುಗುತ್ತದೆ. ಆಮೇಲೆ ಕುಳಿ ಬಿಟ್ಟು ಮುಂದಕ್ಕೆ ಜಾರುತ್ತದೆ. ಅದೂ ಎಡ ಬಲ ಎರಡೂ ಒಟ್ಟಿಗೇ ಜಾರಬೇಕು, ಯಾಕೆಂದರೆ ಎರಡೂ ಒಂದೇ ಮೂಳೆಯ ತುದಿಗಳು. ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ. ಒಂದು ಕುಂಟಿದರೆ ಇನ್ನೊಂದಕ್ಕೆ ಭಾರ.

ಚೀಟಿಯಲ್ಲಿ ಡಾಕ್ಟರ್ ಟಿಎಂಜೆ ಎಂದು ಬರೆದಿದ್ದರೆ ಅದು ಈ ಕೀಲಿನ ಹೆಸರು. ಟಿಎಂಡಿ ಎಂದರೆ ಕೀಲಿನ ಮತ್ತು ಅದನ್ನು ಆಡಿಸುವ ಸ್ನಾಯುಗಳ ತೊಂದರೆ. ಅದು ಒಂದು ರೋಗವಲ್ಲ, ಹಲವು ತೊಂದರೆಗಳ ಒಟ್ಟು ಹೆಸರು.

ಕಿವಿ ನೋವು ಅಂತ ಕಿವಿ ಡಾಕ್ಟರ್ ಹತ್ರ ಹೋದೆ. "ಕಿವಿ ಚೆನ್ನಾಗಿದೆ, ಹಲ್ಲಿನವರಿಗೆ ತೋರಿಸಿ" ಅಂದರು. ಸುಮ್ನೆ ಸಾಗಹಾಕಿದರಾ?

ಇಲ್ಲ, ಸರಿಯಾದ ದಾರಿಯನ್ನೇ ತೋರಿಸಿದ್ದಾರೆ. ಕೀಲಿಗೂ ಕಿವಿಯ ನಾಳಕ್ಕೂ ನಡುವೆ ಇರುವುದು ತೆಳು ಗೋಡೆ. ಕೀಲಿಗೆ ಹೋಗುವ ನರದ ಕವಲೇ ಕಿವಿಯ ಮುಂಭಾಗಕ್ಕೂ ಹೋಗುತ್ತದೆ. ಹಾಗಾಗಿ ನೋವು ಎಲ್ಲಿಂದ ಬಂತು ಎಂದು ಮಿದುಳಿಗೆ ಗೊಂದಲ. ಕಿವಿ ಕಟ್ಟಿದ ಹಾಗೆ, ಗುಂಯ್ ಎಂದ ಹಾಗೆ ಅನ್ನಿಸುವುದೂ ಉಂಟು.

ಮೊದಲು ಈ ನಂಟನ್ನು ದೊಡ್ಡದಾಗಿ ಹೇಳಿದವರೂ ಕಿವಿ ಡಾಕ್ಟರೇ. ಅಮೆರಿಕದ ಜೇಮ್ಸ್ ಕಾಸ್ಟನ್ ಎಂಬುವರು 1934ರಲ್ಲಿ 11 ಜನ ರೋಗಿಗಳ ವಿಚಾರ ಬರೆದರು. ಹಲ್ಲು ಉದುರಿ ದವಡೆ ಹಿಂದೆ ಸರಿದು ಕಿವಿಯನ್ನು ಒತ್ತುತ್ತದೆ ಎಂಬುದು ಅವರ ವಾದ. ಆ ವಾದ ಮುಂದೆ ನಿಲ್ಲಲಿಲ್ಲ. ಆದರೆ "ಕಿವಿ ನೋವು ಎಂದರೆ ಕಿವಿಯದ್ದೇ ಅಲ್ಲ" ಎಂಬ ಮಾತು ಉಳಿಯಿತು.

ಮನೆಯಲ್ಲೇ ಒಂದು ಸುಳಿವು ನೋಡಬಹುದು. ಅಗಿಯುವಾಗ, ಆಕಳಿಸುವಾಗ ನೋವು ಏರುತ್ತದಾ? ಕಿವಿ ಮುಂದೆ ಒತ್ತಿದರೆ "ಹಾ, ಇಲ್ಲೇ" ಅನ್ನಿಸುತ್ತದಾ? ಹಾಗಿದ್ದರೆ ಕೀಲಿನ ಮೇಲೆ ಅನುಮಾನ ಹೆಚ್ಚು. ಕಿವಿ ಸೋರುತ್ತಿದ್ದರೆ, ಜ್ವರ ಇದ್ದರೆ ಮೊದಲು ಕಿವಿಯನ್ನೇ ತೋರಿಸಿ. ಗೊತ್ತಿಲ್ಲದೆ ಬಿಸಿ ಎಣ್ಣೆ ಬಿಡುವುದು ಮಾತ್ರ ಬೇಡ.

ಬಾಯಿ ತೆರೆದರೆ ಟಕ್ ಅನ್ನುತ್ತದೆ. ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ. ನೋವಿಲ್ಲ.

ಹಾಗಾದರೆ ಬಿಟ್ಟುಬಿಡಿ. ಮೆತ್ತೆ ಸ್ವಲ್ಪ ಮುಂದೆ ಸರಿದಿರುತ್ತದೆ. ಬಾಯಿ ತೆರೆದಾಗ ಮೂಳೆ ಅದರ ಮೇಲೆ ಹತ್ತಿ ಕೂರುತ್ತದೆ. ಆ ಸದ್ದೇ ಟಕ್. ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ ಎಂದರೆ ಚಿಕಿತ್ಸೆ ಬೇಕಿಲ್ಲ. ಸದ್ದು ಬರುತ್ತದಾ ಎಂದು ದಿನಕ್ಕೆ ಇಪ್ಪತ್ತು ಸಲ ದವಡೆ ಆಡಿಸಿ ನೋಡುವವರಿದ್ದಾರೆ. ಆ ಪರೀಕ್ಷೆಯಿಂದಲೇ ನೋವು ಶುರುವಾಗಬಹುದು.

ಒಂದು ವಿಷಯ ಮಾತ್ರ ನೆನಪಿಡಿ. ಇಷ್ಟು ದಿನ ಬರುತ್ತಿದ್ದ ಸದ್ದು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ನಿಂತು, ಬಾಯಿಯೂ ಅರ್ಧಕ್ಕೇ ನಿಂತರೆ ಅದು ವಾಸಿಯಾದದ್ದಲ್ಲ. ಮೆತ್ತೆ ಮುಂದೆಯೇ ಸಿಕ್ಕಿಕೊಂಡಿದೆ. ಆಗ ತಡ ಮಾಡದೆ ಬನ್ನಿ. ಹೆದರಿಕೆಯ ವಿಷಯವಲ್ಲ. ಹಾಗೆ ಸಿಕ್ಕಿಕೊಂಡ ಎಷ್ಟೋ ದವಡೆಗಳು ವ್ಯಾಯಾಮದಿಂದಲೇ ಕೆಲವು ತಿಂಗಳಲ್ಲಿ ಸಡಿಲಾಗುತ್ತವೆ.

ನೋವು ಬರೋದು ಯಾಕೆ?

ಬಹಳ ಜನರಲ್ಲಿ ನೋಯುವುದು ಕೀಲಲ್ಲ, ಸ್ನಾಯು. ಕೆನ್ನೆಯಲ್ಲೊಂದು ದಪ್ಪ ಸ್ನಾಯು, ಕಣತಲೆಯಲ್ಲಿ ಬೀಸಣಿಗೆ ಥರದ್ದು ಇನ್ನೊಂದು, ಒಳಗೆ ಎರಡು. ಹಲ್ಲು ಕಚ್ಚಿ ಹಿಡಿದರೆ ಕೆನ್ನೆ ಉಬ್ಬುತ್ತದಲ್ಲ, ಅದೇ ಮೊದಲನೆಯದು. ಇವು ದಿನವಿಡೀ ಬಿಗಿದೇ ಇದ್ದರೆ ಸೋಲುತ್ತವೆ. ಬಿಂದಿಗೆ ಹೊತ್ತು ನಡೆದರೆ ಕೈ ಸೋಲುತ್ತದೆ, ನಿಜ. ಆದರೆ ಬಿಂದಿಗೆ ಹಿಡಿದು ನಿಂತಲ್ಲೇ ನಿಂತರೆ ಇನ್ನೂ ಬೇಗ ಸೋಲುತ್ತದೆ.

ಉಳಿದ ಕಾರಣಗಳೂ ಇವೆ. ಗದ್ದಕ್ಕೆ ಪೆಟ್ಟು, ಸಂಧಿವಾತ, ಹಲ್ಲು ಕೀಳಿಸುವಾಗ ತುಂಬಾ ಹೊತ್ತು ಬಾಯಿ ತೆರೆದಿದ್ದು (ಇದರಲ್ಲಿ ನಮ್ಮ ಪಾಲೂ ಇದೆ, ಒಪ್ಪಿಕೊಳ್ಳುತ್ತೇನೆ), ಉಗುರು ಕಚ್ಚುವ ಚಟ, ನಿದ್ದೆ ಕೆಡುವುದು, ಚಿಂತೆ. ಒಂದೇ ಕಾರಣ ತೋರಿಸಿ "ಇದೇ" ಎನ್ನಲು ಬಹಳ ಸಲ ಆಗುವುದಿಲ್ಲ. ಹಾಗೆ ಖಡಾಖಂಡಿತ ಹೇಳುವವರ ಹತ್ತಿರ ಸ್ವಲ್ಪ ಹುಷಾರಾಗಿರಿ.

ರಾತ್ರಿ ನಾನು ಹಲ್ಲು ಕಡಿಯುತ್ತೇನಂತೆ. ಮನೆಯವರ ದೂರು. ಅದರಿಂದಲೇ ನೋವಾ?

ಇರಬಹುದು. ಆದರೆ ರಾತ್ರಿ ಕರಕರ ಹಲ್ಲು ಕಡಿದರೂ ಬೆಳಗ್ಗೆ ನೋವೇ ಇಲ್ಲದವರು ಬೇಕಾದಷ್ಟು ಜನ. ನನ್ನ ಅನುಭವದಲ್ಲಿ ಹಗಲು ಸದ್ದಿಲ್ಲದೆ ಕಚ್ಚುವವರಿಗೇ ತ್ರಾಸು ಜಾಸ್ತಿ. ಅವರನ್ನು ಯಾರೂ ದೂರುವುದಿಲ್ಲ, ಯಾಕೆಂದರೆ ಯಾರಿಗೂ ಕೇಳಿಸುವುದಿಲ್ಲ. ಅವರಿಗೇ ಗೊತ್ತಿರುವುದಿಲ್ಲ.

ಈ ಸಾಲು ಓದುತ್ತಿರುವಾಗ ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿದೆಯಾ? ತಾಗಿದ್ದರೆ ಸಿಕ್ಕಿಬಿದ್ದಿರಿ. ಸುಮ್ಮನಿರುವಾಗ ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು. ನಡುವೆ ಸಣ್ಣ ಸಂದು ಇರಬೇಕು. ಅಗಿಯುವಾಗ, ನುಂಗುವಾಗ ಬಿಟ್ಟರೆ ಹಲ್ಲಿಗೆ ಹಲ್ಲು ತಾಗುವ ಕೆಲಸವೇ ಇಲ್ಲ.

ಪಿಯುಸಿ ಮಕ್ಕಳು, ನೀಟ್‌ಗೆ ಓದುವವರು, ಮಾರ್ಚ್ ತಿಂಗಳ ಲೆಕ್ಕ ಮುಗಿಸುವವರು, ಹೊಲಿಗೆ ಯಂತ್ರದ ಮುಂದೆ ಕೂರುವವರು ನನ್ನ ಹತ್ತಿರ ಬರುತ್ತಾರೆ. ಎಲ್ಲರೂ ಏಕಾಗ್ರತೆಯ ಜನ. ಕಷ್ಟ ಬಂದಾಗ "ಹಲ್ಲು ಕಚ್ಚಿ ತಡ್ಕೋ" ಎಂದು ನಮ್ಮ ಮನೆಗಳಲ್ಲಿ ಹೇಳುತ್ತೇವಲ್ಲ, ಅದನ್ನು ಅಕ್ಷರಶಃ ಪಾಲಿಸುವವರು.

ನಮ್ಮ ಮಗು ನಿದ್ದೆಯಲ್ಲಿ ಹಲ್ಲು ಕಡಿಯುತ್ತದೆ. ಜಂತುಹುಳು ಅಂತಾರೆ ಅಜ್ಜಿ.

ಅಜ್ಜಿಯರ ಈ ಮಾತು ಊರೂರಲ್ಲೂ ಇದೆ. ಹುಳು ಇಲ್ಲದ ಮಕ್ಕಳೂ ಹಲ್ಲು ಕಡಿಯುತ್ತಾರೆ. ಚಿಕ್ಕ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ, ಬೆಳೆಯುತ್ತಾ ತಾನೇ ನಿಲ್ಲುತ್ತದೆ. ಶಾಲೆಯಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ತಪ್ಪಿಸಬೇಡಿ, ಆದರೆ ಅದು ಹುಳುವಿಗೆ. ಮಗು ಗೊರಕೆ ಹೊಡೆಯುತ್ತದಾ, ಬಾಯಲ್ಲಿ ಉಸಿರಾಡುತ್ತದಾ ನೋಡಿ. ಹಾಗಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು.

ಮಕ್ಕಳ ವಿಷಯದಲ್ಲಿ ನನಗೆ ನಿಜವಾದ ಭಯ ಇರುವುದು ಬೇರೆ ಕಡೆ. ಮಗು ಮೆಟ್ಟಿಲಿಂದ, ಸೈಕಲ್ಲಿಂದ ಗದ್ದ ಊರಿ ಬೀಳುತ್ತದೆ. ಗದ್ದಕ್ಕೆ ಎರಡು ಹೊಲಿಗೆ ಹಾಕಿಸಿ ಮರೆತುಬಿಡುತ್ತೇವೆ. ಆದರೆ ಪೆಟ್ಟು ಮೇಲಕ್ಕೆ ಹೋಗಿ ಕೀಲಿನ ಹತ್ತಿರ ಮೂಳೆ ಮುರಿದಿರಬಹುದು. ಗೊತ್ತಾಗದೇ ಹೋದರೆ ನಿಧಾನಕ್ಕೆ ಕೀಲು ಬೆಸೆದುಕೊಂಡು ಬಾಯಿ ತೆರೆಯದ ಹಾಗಾಗುತ್ತದೆ. ಮುಖ ಒಂದು ಕಡೆ ಬೆಳೆಯುವುದೇ ಇಲ್ಲ. ಗದ್ದ ಊರಿ ಬಿದ್ದ ಮಗು ಬಾಯಿ ತೆರೆಯಲು ಅಳುತ್ತಿದ್ದರೆ, ದವಡೆ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಎಕ್ಸ್‌ರೇ ಮಾಡಿಸಿ.

ಬಾಯಿ ಪೂರ್ತಿ ತೆರೆಯೋಕೆ ಆಗಲ್ಲ. ಅಡಿಕೆ, ಗುಟ್ಕಾ ಅಭ್ಯಾಸ ಇದೆ. ಇದೂ ಕೀಲಿನದೇ ತಾನೇ?

ಈ ಪ್ರಶ್ನೆಗೆ ಸ್ವಲ್ಪ ಕೂತು ಉತ್ತರಿಸಬೇಕು. ಯಾಕೆಂದರೆ ನಾವಿರುವುದು ಅಡಿಕೆ ಸೀಮೆಯ ಅಂಚಲ್ಲಿ. ಆ ಕಡೆ ಚನ್ನಗಿರಿ, ಈ ಕಡೆ ಹೊಳಲ್ಕೆರೆ, ಭೀಮಸಮುದ್ರ. ಅಡಿಕೆಯಿಂದ ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು ನನ್ನ ರೋಗಿಗಳಲ್ಲೇ ಇದ್ದಾರೆ. ಬೆಳೆಯ ಬಗ್ಗೆ ನಾನು ಮಾತಾಡುತ್ತಿಲ್ಲ. ಬಾಯಿಯ ಬಗ್ಗೆ ಹೇಳಲೇಬೇಕು.

ಮೊದಲು ಅಳತೆ. ನಿಮ್ಮದೇ ಕೈಯ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ. ಮೂರೂ ಹೋದರೆ ಸರಿ. ದೊಡ್ಡವರಿಗೆ ಮಾಮೂಲಿ ಅಳತೆ 40ರಿಂದ 50 ಮಿಲಿಮೀಟರ್. ಎರಡೇ ಬೆರಳು ಹೋದರೆ ಬಾಯಿ ಬಿಗಿಯುತ್ತಿದೆ ಎಂದರ್ಥ.

ಕೀಲಿನಿಂದ ಬಾಯಿ ಬಿಗಿದರೆ ಕಿವಿ ಮುಂದೆ ನೋವಿರುತ್ತದೆ, ದವಡೆ ಒಂದು ಪಕ್ಕಕ್ಕೆ ವಾಲುತ್ತದೆ. ಅಡಿಕೆಯ ಬಿಗಿತ ಬೇರೆ. ಕೀಲು ಒತ್ತಿದರೆ ನೋವಿಲ್ಲ. ಆದರೆ ಖಾರ ತಿಂದರೆ ಬಾಯಿ ಉರಿಯುತ್ತದೆ. ಮೊದಲು ಆರಾಮಾಗಿ ತಿನ್ನುತ್ತಿದ್ದ ಸಾರು ಕಣ್ಣಲ್ಲಿ ನೀರು ತರಿಸುತ್ತದೆ. ಕೆನ್ನೆಯ ಒಳಭಾಗ ಗುಲಾಬಿ ಬಣ್ಣ ಬಿಟ್ಟು ಬಿಳಚಿಕೊಳ್ಳುತ್ತದೆ. ಬೆರಳಿಟ್ಟು ನೋಡಿದರೆ ಹಗ್ಗದಂಥ ಗಟ್ಟಿ ಪಟ್ಟಿ ಸಿಗುತ್ತದೆ. ಸೀಟಿ ಹೊಡೆಯಲು, ಕೆನ್ನೆ ಉಬ್ಬಿಸಿ ನೀರು ಮುಕ್ಕಳಿಸಲು ಆಗುವುದಿಲ್ಲ. ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಕೀಲು ಸರಿಯೇ ಇದೆ, ಕೆನ್ನೆಯ ಒಳಗಿನ ಪದರ ನಾರಾಗುತ್ತಿದೆ.

ಇದನ್ನು ಕೀಲು ನೋವಿನ ಹಾಗೆ "ತಾನೇ ಹೋಗುತ್ತೆ" ಎಂದು ಬಿಡುವಂತಿಲ್ಲ. ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಹೇಳಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಆದದ್ದೇನು ಎಂದು ಗೂಡಂಗಡಿ ಮುಂದೆ ನಿಂತರೆ ಗೊತ್ತಾಗುತ್ತದೆ. ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಬೆರೆಸುವ ಕೆಲಸ ಗಿರಾಕಿಯ ಅಂಗೈಗೆ ಬಂತು.

ಚಿಕಿತ್ಸೆಯ ಮೊದಲ ಹೆಜ್ಜೆ ಜಗಿಯುವುದನ್ನು ಪೂರ್ತಿ ಬಿಡುವುದು. ಕಡಿಮೆ ಮಾಡುವುದಲ್ಲ. ಬಿಟ್ಟರೆ ಉರಿ ಇಳಿಯಬಹುದು, ಬಿಗಿತ ಮುಂದುವರಿಯುವುದು ನಿಲ್ಲಬಹುದು. ಜೊತೆಗೆ ಬಾಯಿ ತೆರೆಯುವ ವ್ಯಾಯಾಮ, ಪಟ್ಟಿಗಳಿಗೆ ಇಂಜೆಕ್ಷನ್, ತೀರಾ ಬಿಗಿದಿದ್ದರೆ ಆಪರೇಷನ್. ಮೊದಲಿನ ಹಾಗೆ ಪೂರ್ತಿ ಆಗುತ್ತದೆ ಎಂದು ಮಾತು ಕೊಡಲಾರೆ. ಚಟ ಬಿಟ್ಟ ಮೇಲೂ ಆಗಾಗ ತೋರಿಸುತ್ತಲೇ ಇರಬೇಕು. ಬಾಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಆ ವಾರವೇ ಬನ್ನಿ.

ಆಕಳಿಸಿದೆ. ಬಾಯಿ ಮುಚ್ಚಲೇ ಇಲ್ಲ!

ಕೀಲು ಕುಳಿ ದಾಟಿ ಮುಂದೆ ಹೋಗಿ ಕೂತಿದೆ. ನೋಡುವವರಿಗೆ ನಗು, ಅನುಭವಿಸುವವರಿಗೆ ಪ್ರಾಣಸಂಕಟ. ಮಾತು ಬರುವುದಿಲ್ಲ, ಜೊಲ್ಲು ಸುರಿಯುತ್ತದೆ. ಗದ್ದದ ಕೆಳಗೆ ಟವೆಲ್ ಕೊಟ್ಟು ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯಲ್ಲಿ ಯಾರೂ ಗುದ್ದಿ, ತಳ್ಳಿ ಸರಿಮಾಡಲು ಹೋಗಬೇಡಿ.

ನಾವು ಮಾಡುವುದು ಹಳೇ ವಿದ್ಯೆ. ಕೆಳಗಿನ ದವಡೆಹಲ್ಲಿನ ಮೇಲೆ ಹೆಬ್ಬೆರಳಿಟ್ಟು ಕೆಳಕ್ಕೆ ಒತ್ತಿ, ಹಿಂದಕ್ಕೆ ಜಾರಿಸುವುದು. ಎರಡು ಸಾವಿರ ವರ್ಷದ ಹಿಂದೆ ಗ್ರೀಸಿನ ಹಿಪಾಕ್ರಟಿಸ್ ಹೆಸರಲ್ಲಿ ಬಂದ ಬರಹಗಳಲ್ಲೇ ಈ ರೀತಿ ಇದೆ. ದವಡೆ ಟಪ್ಪನೆ ಮುಚ್ಚಿಕೊಳ್ಳುವಾಗ ಒತ್ತಿದವರ ಬೆರಳು ಸಿಕ್ಕಿಕೊಳ್ಳುತ್ತದೆ, ಅದಕ್ಕೇ ನಾವು ಬಟ್ಟೆ ಸುತ್ತಿಕೊಳ್ಳುತ್ತೇವೆ. ಬೇಗ ಬಂದಷ್ಟೂ ಸುಲಭ. ತಡವಾದರೆ ಸ್ನಾಯು ಬಿಗಿದು ಮಂಪರಿನ ಇಂಜೆಕ್ಷನ್ ಬೇಕಾಗುತ್ತದೆ. ಆಮೇಲೆ ಕೆಲವು ವಾರ ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಒತ್ತಿ ಹಿಡಿಯಿರಿ.

ಯಾವ ದವಡೆ ನೋವಿಗೆ ತಕ್ಷಣ ಓಡಬೇಕು?

ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ಹಿಡಿದ ಹಾಗಾಗಿ, ಜೊತೆಗೆ ಎದೆ ಭಾರ, ಬೆವರು, ತೋಳು ನೋವು, ಉಸಿರು ಕಟ್ಟುವುದು ಇದ್ದರೆ ಅದು ಹೃದಯದ್ದಿರಬಹುದು. 108ಕ್ಕೆ ಫೋನ್ ಮಾಡಿ. ಹಲ್ಲಿನ ಡಾಕ್ಟರ್ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆ ನೋವೇ ಇಲ್ಲದೆ ಹೀಗಾಗುವುದುಂಟು.

ವಯಸ್ಸು 50 ದಾಟಿದೆ, ಅಗಿಯುತ್ತಾ ಹೋದಂತೆ ದವಡೆ ಸೋಲುತ್ತದೆ, ತಲೆ ಬಾಚಿದರೂ ನೋವು, ಕಣ್ಣು ಮಂಜು. ಇದು ರಕ್ತನಾಳದ ಉರಿಯೂತ ಇರಬಹುದು. ಚಿಕಿತ್ಸೆ ತಡವಾದರೆ ದೃಷ್ಟಿಯೇ ಹೋಗುತ್ತದೆ. ಅದೇ ದಿನ ತೋರಿಸಿ. ಗಾಯವಾದ ಕೆಲವು ದಿನಕ್ಕೆ ದವಡೆ ಬಿಗಿದುಕೊಂಡರೆ ಧನುರ್ವಾಯು ನೆನಪಿರಲಿ. ಜ್ವರದ ಜೊತೆ ದವಡೆ ಊದಿ ಬಾಯಿ ತೆರೆಯದಿದ್ದರೆ ಅಕ್ಕಲು ಹಲ್ಲಿನ (ಕೊನೆಯ ದವಡೆಹಲ್ಲಿನ) ಕೀವು ಇರಬಹುದು. ನುಂಗಲು, ಉಸಿರಾಡಲು ಕಷ್ಟವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಬೈಕಿನಿಂದ ಬಿದ್ದ ಮೇಲೆ ಹಲ್ಲುಗಳು ಮೊದಲಿನ ಹಾಗೆ ಕೂಡದಿದ್ದರೂ ಅಷ್ಟೇ.

ಮನೆಯಲ್ಲಿ ಏನು ಮಾಡಲಿ?

ಇಲ್ಲಿ ಹೇಳುವುದನ್ನು ಮೂರು ನಾಲ್ಕು ವಾರ ಪ್ರಾಮಾಣಿಕವಾಗಿ ಮಾಡಿ. ಮೂರು ದಿನ ಮಾಡಿ "ಆಗಲಿಲ್ಲ" ಅನ್ನಬೇಡಿ.

ನಾಲಿಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದೆ, ಅಂಗುಳಕ್ಕೆ ಮೆಲ್ಲಗೆ ತಾಗಿಸಿ. "ನ" ಎನ್ನಲು ಹೊರಟ ಹಾಗೆ. ಆಗ ಹಲ್ಲು ತಾವಾಗೇ ಬಿಡುತ್ತವೆ. ಇದೇ ದವಡೆಯ ವಿಶ್ರಾಂತಿ. ಕಷ್ಟವಿರುವುದು ನೆನಪಿಟ್ಟುಕೊಳ್ಳುವುದರಲ್ಲಿ. ಅದಕ್ಕೆ ಗೋಡೆ ಗಡಿಯಾರ, ಬೈಕಿನ ಮೀಟರ್, ಒಲೆಯ ಪಕ್ಕದ ಟೈಲ್ಸ್ ಮೇಲೆ ಒಂದೊಂದು ಬಿಂದಿ ಅಂಟಿಸಿ. ಬಿಂದಿ ಕಂಡಾಗಲೆಲ್ಲ ಹಲ್ಲು ಬಿಡಿ. ರೈಲ್ವೆ ಗೇಟ್ ಹಾಕಿದಾಗ ಎಲ್ಲರೂ ಹಲ್ಲು ಕಚ್ಚಿ ನಿಂತಿರುತ್ತಾರೆ, ನೀವೊಬ್ಬರು ಬಿಟ್ಟು ನಿಲ್ಲಿ.

ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಕೆನ್ನೆಗೆ, ಕಣತಲೆಗೆ ಹದಿನೈದು ನಿಮಿಷ ಇಡಿ. ದಿನಕ್ಕೆ ಎರಡು ಮೂರು ಸಲ. ಹೊಸ ಪೆಟ್ಟಿಗೆ ಮಾತ್ರ ಬಿಸಿ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್ ಸಾಕು. ಶಾಖದ ನಂತರ ಕೆನ್ನೆಯ ಸ್ನಾಯುವನ್ನು ಬೆರಳ ತುದಿಯಲ್ಲಿ ವೃತ್ತಾಕಾರವಾಗಿ ತೀಡಿ.

ಆಮೇಲೆ ವ್ಯಾಯಾಮ. ನಾಲಿಗೆ ಅಂಗುಳಕ್ಕೇ ತಾಗಿರಲಿ. ಕನ್ನಡಿ ಮುಂದೆ ನಿಂತು, ದವಡೆ ಪಕ್ಕಕ್ಕೆ ಹೋಗದಂತೆ, ನಾಲಿಗೆ ಬಿಡದೆ ಎಷ್ಟಾಗುತ್ತದೋ ಅಷ್ಟೇ ಬಾಯಿ ತೆರೆದು ಮುಚ್ಚಿ. ಒಂದು ಸಲಕ್ಕೆ ಆರು, ದಿನಕ್ಕೆ ಆರು ಸಲ. ನೋವು ಬರುವಷ್ಟು ಬೇಡ.

ಬಿಡಬೇಕಾದ್ದು ಚೂಯಿಂಗ್ ಗಮ್, ಉಗುರು, ಪೆನ್ನಿನ ಕ್ಯಾಪ್. ಕೈ ಮೇಲೆ ಗದ್ದ ಊರಿ ಮೊಬೈಲ್ ನೋಡುವುದು. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿ ಬೈಕ್ ಓಡಿಸುವುದು (ಇದಕ್ಕೆ ದವಡೆಗಿಂತ ದೊಡ್ಡ ಕಾರಣಗಳಿವೆ). ಬೋರಲು ಮಲಗುವುದು.

ಊಟಕ್ಕೆ ಏನು? ಗಂಜಿಯೇ ಗತಿಯಾ?

ಗಂಜಿ ಯಾಕೆ, ಮುದ್ದೆ ಇದೆಯಲ್ಲ! ಅಗಿಯುವಂತಿಲ್ಲ, ನುಂಗಬೇಕು. ದವಡೆ ನೋವಿನವರಿಗೆಂದೇ ಮಾಡಿದ ಊಟದ ಹಾಗಿದೆ. ಉಪ್ಪಿಟ್ಟು, ಇಡ್ಲಿ, ಅನ್ನ ಸಾರು, ಮೊಸರನ್ನ, ಬೆಂದ ಬೇಳೆ, ಬಾಳೆಹಣ್ಣು ಎಲ್ಲ ಸರಿ. ಬೆಣ್ಣೆದೋಸೆ ತಿನ್ನಬಹುದಾ ಎಂದು ಕೇಳದ ದಾವಣಗೆರೆಯವರಿಲ್ಲ. ತಿನ್ನಿ, ಗರಿಗರಿ ಅಂಚನ್ನು ಪಕ್ಕದವರಿಗೆ ಕೊಟ್ಟು ಮೆತ್ತಗಿನ ನಡುಭಾಗ ನೀವು ತಿನ್ನಿ. ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿಯೂ ನಡೆಯುತ್ತದೆ.

ಖಡಕ್ ರೊಟ್ಟಿ, ಕಬ್ಬು, ಸುಟ್ಟ ಮೆಕ್ಕೆಜೋಳ, ಕೋಡುಬಳೆ, ನಿಪ್ಪಟ್ಟು, ಹುರಿದ ಕಡಲೆ ಎರಡು ಮೂರು ವಾರ ದೂರ ಇರಲಿ. ಸೇಬು, ಸೀಬೆಯನ್ನು ಕಚ್ಚದೆ ಹೆಚ್ಚಿ ತಿನ್ನಿ. ತುತ್ತು ಸಣ್ಣದಿರಲಿ, ಎರಡೂ ಕಡೆ ಅಗಿಯಿರಿ.

ನೋವಿನ ಮಾತ್ರೆ ತಗೋಬಹುದಾ?

ಕೆಲವು ದಿನಕ್ಕೆ, ಡಾಕ್ಟರ್ ಹೇಳಿದ ಅಳತೆಯಲ್ಲಿ, ಊಟವಾದ ಮೇಲೆ ತಗೊಳ್ಳಬಹುದು. ಮೆಡಿಕಲ್ ಶಾಪಿನಲ್ಲಿ "ಅದೇ ಮಾತ್ರೆ ಕೊಡಿ" ಎಂದು ತಿಂಗಳುಗಟ್ಟಲೆ ನುಂಗುವುದು ಬೇಡ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಬಿಪಿ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಿಣಿ ಎಂಬ ವಿಷಯಗಳನ್ನು ಮೊದಲೇ ಹೇಳಿ. ಆಂಟಿಬಯೋಟಿಕ್ ಇದಕ್ಕೆ ಕೆಲಸ ಮಾಡುವುದಿಲ್ಲ, ಇಲ್ಲಿ ಸೋಂಕೇ ಇಲ್ಲವಲ್ಲ.

ಯಾರ ಹತ್ತಿರ ಹೋಗಬೇಕು? ಬೆಂಗಳೂರಿಗೇ ಹೋಗಬೇಕಾ?

ಬೇಡ. ದಾವಣಗೆರೆಯಲ್ಲೇ ಎರಡು ದಂತ ಕಾಲೇಜುಗಳಿವೆ. ಬಾಪೂಜಿ ದಂತ ಕಾಲೇಜು 1979ರಿಂದ ಇದೆ. ಇನ್ನೊಂದು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಅಲ್ಲಿ ಬಾಯಿಯ ಕಾಯಿಲೆ ನೋಡುವ ಓರಲ್ ಮೆಡಿಸಿನ್ ವಿಭಾಗ ಎಲ್ಲಿದೆ ಎಂದು ಕೇಳಿ, ಅಲ್ಲಿಂದಲೇ ಶುರುಮಾಡಿ. ಬೇಕಾದರೆ ಅವರೇ ಬಾಯಿ ಮತ್ತು ಮುಖದ ಸರ್ಜರಿ ವಿಭಾಗಕ್ಕೋ, ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಪ್ಲೇಟ್ ಮಾಡುವವರ ಹತ್ತಿರವೋ ಕಳಿಸುತ್ತಾರೆ. ಕಾಲೇಜಿನಲ್ಲಿ ವಿದ್ಯಾರ್ಥಿಗಳು ನಿಮ್ಮ ಬಾಯಿಯನ್ನು ಮೂರು ಸಲ ಅಳೆಯುತ್ತಾರೆ, ಹೊತ್ತಾಗುತ್ತದೆ. ಬುತ್ತಿ ಕಟ್ಟಿಕೊಂಡು ಹೋಗಿ. ಆದರೆ ಅಷ್ಟು ನಿಧಾನವಾಗಿ ನಿಮ್ಮ ಕಥೆ ಕೇಳುವವರು ಬೇರೆಡೆ ಸಿಗುವುದು ಕಷ್ಟ. ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿಲೋಮೀಟರ್, ಬೆಳಗ್ಗೆ ಬಂದು ಸಂಜೆಗೆ ಮನೆ ಸೇರಬಹುದು.

ಎಂಆರ್‌ಐ ಮಾಡಿಸಲಾ?

ಎಲ್ಲರಿಗೂ ಬೇಡ. ಕೈಯಲ್ಲಿ ಮುಟ್ಟಿ, ಬಾಯಿ ತೆರೆಯುವುದನ್ನು ಅಳೆದು, ಕಥೆ ಕೇಳಿದರೆ ಬಹುಪಾಲು ಗೊತ್ತಾಗುತ್ತದೆ. ಮುಖ ಸುತ್ತಿ ತೆಗೆಯುವ ಓಪಿಜಿ ಎಕ್ಸ್‌ರೇ ಮೂಳೆ ತೋರಿಸುತ್ತದೆ, ಮೆತ್ತೆ ತೋರಿಸುವುದಿಲ್ಲ. ಮೆತ್ತೆ ಕಾಣುವುದು ಎಂಆರ್‌ಐನಲ್ಲಿ. ಆದರೆ ಇಲ್ಲೊಂದು ತಮಾಷೆ ಇದೆ. ನೋವೇ ಇಲ್ಲದವರನ್ನು ಎಂಆರ್‌ಐ ಮಾಡಿ ನೋಡಿದಾಗಲೂ ಸುಮಾರು ಮೂವರಲ್ಲಿ ಒಬ್ಬರಿಗೆ ಮೆತ್ತೆ ಸರಿದಿರುವುದು ಕಂಡಿದೆ. ಹಾಗಾಗಿ "ಡಿಸ್ಕ್ ಸರಿದಿದೆ" ಎಂಬ ರಿಪೋರ್ಟ್ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

ರಾತ್ರಿ ಹಾಕುವ ಪ್ಲೇಟ್ ಕೆಲಸ ಮಾಡುತ್ತದಾ?

ಹಲ್ಲು ಸವೆಯದಂತೆ ಕಾಯುತ್ತದೆ, ಅದು ಖಂಡಿತ. ನೋವಿಗೆ ಕೆಲವರಿಗೆ ಆರಾಮ, ಕೆಲವರಿಗೆ ಇಲ್ಲ. ಹಾಕಿಸುವುದಾದರೆ ಎಲ್ಲ ಹಲ್ಲನ್ನೂ ಮುಚ್ಚುವ, ನಿಮ್ಮ ಅಳತೆಗೆ ಮಾಡಿದ ಗಟ್ಟಿ ಪ್ಲೇಟ್ ಇರಲಿ. ಮುಂದಿನ ನಾಲ್ಕು ಹಲ್ಲಿಗಷ್ಟೇ ಕೂರುವುದನ್ನು ಬಹಳ ದಿನ ಹಾಕಿದರೆ ಹಲ್ಲುಗಳ ಜಾಗವೇ ಬದಲಾಗಬಹುದು. ಪ್ಲೇಟ್ ಹಾಕಿದ ಮೇಲೆ ಬೆಳಗ್ಗೆ ಹಲ್ಲು ಕೂಡುತ್ತಿಲ್ಲ ಅನ್ನಿಸಿದರೆ ನಿಲ್ಲಿಸಿ ತೋರಿಸಿ.

"ಕಚ್ಚು (ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ) ಸರಿಯಿಲ್ಲ, ಹಲ್ಲು ತೇಯ್ದರೆ ನೋವು ಹೋಗುತ್ತೆ" ಅಂದಿದ್ದಾರೆ. ಮಾಡಿಸಲಾ?

ನನ್ನದೇ ಕಥೆ ಹೇಳುತ್ತೇನೆ. ನಾನು ಓದುತ್ತಿದ್ದಾಗ ಪರೀಕ್ಷೆ ಸಮಯದಲ್ಲಿ ಬಲಗಡೆ ದವಡೆ ಹಿಡಿದುಕೊಂಡಿತು. ಹಿರಿಯ ಡಾಕ್ಟರೊಬ್ಬರು ನೋಡಿ, ಕಚ್ಚು ಸರಿಯಿಲ್ಲ ಎಂದು ಎರಡು ದವಡೆಹಲ್ಲಿನ ತುದಿ ತೇಯ್ದರು. ನೋವು ಹಾಗೇ ಇತ್ತು. ಜೊತೆಗೆ ತಣ್ಣೀರು ಕುಡಿದರೆ ಜುಮ್ಮೆನ್ನುವುದು ಹೊಸದಾಗಿ ಸೇರಿತು. ಪರೀಕ್ಷೆ ಮುಗಿದ ಮೂರನೇ ವಾರಕ್ಕೆ ನೋವು ತಾನೇ ಹೋಯಿತು. ತೇಯ್ದ ಹಲ್ಲು ವಾಪಸ್ ಬರಲಿಲ್ಲ.

ಹಾಗಾಗಿ ನನ್ನದು ಒಂದೇ ಹಟ. ಬೇಡ ಅನ್ನಿಸಿದಾಗ ತೆಗೆದು ಇಡಬಹುದಾದದ್ದನ್ನು ಮೊದಲು ಮಾಡಿ. ಶಾಖ, ವ್ಯಾಯಾಮ, ಪ್ಲೇಟ್ ಅಂಥವು. ಹಲ್ಲು ತೇಯುವುದು, ನೋವಿಗೆಂದೇ ಕ್ಲಿಪ್ ಹಾಕಿಸುವುದು, ಸಾಲಾಗಿ ಕ್ಯಾಪ್ ಹಾಕಿಸುವುದು ಅಂಥವಲ್ಲ. ಹಲ್ಲು ನೆಟ್ಟಗಾಗಲು ಕ್ಲಿಪ್ ಹಾಕಿಸಿ, ಸಂತೋಷ. ಆದರೆ ಕೀಲು ನೋವಿಗೆ ಅದು ಔಷಧಿ ಎಂದು ನಂಬಿ ಹಾಕಿಸಬೇಡಿ.

ಇಂಜೆಕ್ಷನ್, ಬೋಟಾಕ್ಸ್, ಆಪರೇಷನ್?

ಬೇಕಾಗುವವರು ಕಡಿಮೆ. ಸಿಕ್ಕಿಕೊಂಡ ಕೀಲಿಗೆ ಎರಡು ಸೂಜಿ ಹಾಕಿ ದ್ರವದಿಂದ ತೊಳೆಯುವ ಒಂದು ವಿಧಾನವಿದೆ. ಬಾಯಿ ತೆರೆಯದವರಲ್ಲಿ ಕೆಲವರಿಗೆ ಆಮೇಲೆ ಚೆನ್ನಾಗಿ ತೆರೆಯುತ್ತದೆ. ಬೋಟಾಕ್ಸ್ ಸ್ನಾಯುವನ್ನು ಕೆಲವು ತಿಂಗಳು ಸಡಿಲ ಮಾಡುತ್ತದೆ, ದುಡ್ಡೂ ಹಾಗೇ ಸಡಿಲವಾಗುತ್ತದೆ.

2023ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆ ಬಹಳ ದಿನದ ದವಡೆ ನೋವಿಗೆ ಮಾರ್ಗಸೂಚಿ ಪ್ರಕಟಿಸಿತು. ಅದು ಬಲವಾಗಿ ಹೇಳಿದ್ದು ವ್ಯಾಯಾಮ, ಸ್ನಾಯು ತೀಡುವ ಚಿಕಿತ್ಸೆ, ನೋವಿನ ಜೊತೆ ಬದುಕುವ ರೀತಿ ಕಲಿಸುವ ಆಪ್ತಸಮಾಲೋಚನೆ. ಮೆತ್ತೆ ತೆಗೆದುಹಾಕುವ ಆಪರೇಷನ್ ಬೇಡ ಎಂದು ಅಷ್ಟೇ ಬಲವಾಗಿ ಹೇಳಿತು. ಬೋಟಾಕ್ಸ್, ಕೀಲು ತೊಳೆಯುವುದನ್ನೂ ಮಾಮೂಲಿಯಾಗಿ ಮಾಡಬೇಡಿ ಎಂದಿತು. ರಾತ್ರಿ ಪ್ಲೇಟಿನ ಬಗ್ಗೆಯೂ ಅದಕ್ಕೆ ಉತ್ಸಾಹವಿಲ್ಲ. ಪ್ಲೇಟ್ ಮಾಡುವ ನನ್ನಂಥವರಿಗೆ ಓದಲು ಇದು ಅಷ್ಟು ಹಿತವಲ್ಲ.

ಹಳೇ ಪಾಠವೂ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಮೆತ್ತೆ ತೆಗೆದು ಟೆಫ್ಲಾನ್ ಸೇರಿದ ಕೃತಕ ಮೆತ್ತೆ ಇಟ್ಟರು. ಅದು ಒಳಗೆ ಪುಡಿಯಾಗಿ ಮೂಳೆಯನ್ನೇ ತಿಂದಿತು. 1990ರ ಹೊತ್ತಿಗೆ ಸರ್ಕಾರ ಅದನ್ನು ವಾಪಸ್ ತೆಗೆಸಿತು. ಸಣ್ಣ ನೋವಿಗೆಂದು ಹೋದವರು ಹತ್ತಾರು ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಇಂದು ಕೀಲು ಬೆಸೆದುಕೊಂಡಿದ್ದರೆ, ಮುರಿದಿದ್ದರೆ, ಗೆಡ್ಡೆ ಇದ್ದರೆ ಆಪರೇಷನ್ ಬೇಕು. ಅದು ಬೇರೆ ಮಾತು.

ಟೆನ್ಷನ್ನಿಂದ ಅಂದರು. ಅಂದರೆ ನೋವು ನನ್ನ ಕಲ್ಪನೆಯಾ?

ಅಲ್ಲ. ನಾಚಿಕೆಯಾದಾಗ ಮುಖ ಕೆಂಪಾಗುತ್ತದೆ. ಕೆಂಪು ಕಲ್ಪನೆಯಾ? ಮನಸ್ಸಿನ ಬಿಗಿ ಸ್ನಾಯುವಿಗೆ ಇಳಿದರೆ ಆ ನೋವು ಪೂರ್ತಿ ನಿಜ. ಒಬ್ಬ ಗೃಹಿಣಿ ಆರು ತಿಂಗಳು ನೋವಿನ ಮಾತ್ರೆ ನುಂಗಿ ಬಂದಿದ್ದರು. ಮಗಳ ಮದುವೆ ಸಾಲ, ನಿದ್ದೆ ಇಲ್ಲ. ಅವರ ಹಲ್ಲಿಗೆ ನಾನು ಏನನ್ನೂ ಮಾಡಲಿಲ್ಲ. ನಿದ್ದೆಗೆ ಡಾಕ್ಟರ್ ಹತ್ತಿರ ಕಳಿಸಿದೆ, ಬಿಂದಿ ಅಂಟಿಸಲು ಹೇಳಿದೆ. ಸಾಲ ಹಾಗೇ ಇದೆ, ದವಡೆ ಸಡಿಲಾಗಿದೆ. ಈ ನೋವು 20ರಿಂದ 40 ವಯಸ್ಸಿನವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಹಾರ್ಮೋನ್ ಪಾತ್ರವೂ ಇರಬಹುದು ಅನ್ನುತ್ತಾರೆ. ಹೆಂಗಸರು ಹೇಳಿಕೊಳ್ಳದೆ ಕಚ್ಚಿ ನುಂಗುವುದೆಷ್ಟು ಎಂಬುದನ್ನು ಮಾತ್ರ ಯಾವ ಸ್ಕ್ಯಾನೂ ತೋರಿಸುವುದಿಲ್ಲ.

ಎಲ್ಲ ಸರಿ ಡಾಕ್ಟ್ರೇ, ಮಿರ್ಚಿ ಮಂಡಕ್ಕಿ ಯಾವಾಗ ತಿನ್ನಬಹುದು?

ಮೂರು ಬೆರಳು ನೋವಿಲ್ಲದೆ ಬಾಯಲ್ಲಿ ಹೋಗಬೇಕು. ಒಂದು ವಾರ ಚಪಾತಿ ತಿಂದರೂ ಸಂಜೆಗೆ ಕೆನ್ನೆ ಸೋಲಬಾರದು. ಅಷ್ಟಾದ ಮೇಲೆ ತಿನ್ನಿ. ಮೊದಲ ದಿನ ಅರ್ಧ ಪ್ಲೇಟ್, ಶೇಂಗಾ ಆರಿಸಿ ಪಕ್ಕಕ್ಕಿಟ್ಟು. ಮೆಣಸಿನಕಾಯಿಯನ್ನು ಇಡೀ ಬಾಯಿಗೆ ತುರುಕದೆ ಮುರಿದು ತಿನ್ನಿ. ಮಾರನೇ ದಿನ ಬೆಳಗ್ಗೆ ದವಡೆ ಸುಮ್ಮನಿದ್ದರೆ, ಸಂಜೆ ಪೂರ್ತಿ ಪ್ಲೇಟ್.